ಬೆಳಕಿನ ಸಾಕ್ಷಿ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಕಬ್ಬಿನ ಸೀಮೆ. ಉಗಾರ ಖುರ್ದದ ಸಕ್ಕರೆ ಕಂಪನಿ 1939ರಷ್ಟು ಹಿಂದೆಯೇ ಸ್ಥಾಪನೆಗೊಂಡಿತು. ಹಿಂದೆ ಸಕ್ಕರೆ ಗೋದಾಮಿನ ಬಾಗಿಲಲ್ಲಿ ಗುಮಾಸ್ತನೊಬ್ಬ ಕುಳಿತು, ಚೀಲಕ್ಕೊಂದು ಗೀಟೆಳೆದು, ಐದನೆಯದಕ್ಕೆ ಅಡ್ಡಗೀಟು ಹಾಕಿ ಲೆಕ್ಕವಿಡುತ್ತಿದ್ದ. ಈಗ ಯಂತ್ರಗಳಿಂದ ನಡೆಯುವ ಕಾರ್ಖಾನೆಗಳಲ್ಲಿ ಆ ಕೆಲಸವನ್ನು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದೊಂದು ಉಪಕರಣ ಮಾಡಬಲ್ಲದು. ಅದರ ಹೆಸರು ದ್ಯುತಿ ಸಂವೇದಕ.

ಬೆಳಕು ವಿದ್ಯುತ್ತನ್ನು ಕೆಣಕಬಲ್ಲದೆಂಬುದನ್ನು 1887ರಲ್ಲಿ ಹರ್ಟ್ಸ್ ಗಮನಿಸಿದರು; 1905ರಲ್ಲಿ ಐನ್‌ಸ್ಟೈನ್ ಅದರ ಕಾರಣವನ್ನು ವಿವರಿಸಿದರು. 1921ರ ನೊಬೆಲ್ ಪಾರಿತೋಷಕ ಅವರಿಗೆ ಸಂದುದು ಮುಖ್ಯವಾಗಿ ಈ ವಿವರಣೆಗಾಗಿ. ಸಂವೇದಕವು ಆ ತತ್ತ್ವದ ಬಳಗಕ್ಕೇ ಸೇರಿದ್ದು.

ಇದರಲ್ಲಿ ಮೂರು ಬಗೆಗಳುಂಟು. ಮೊದಲನೆಯದರಲ್ಲಿ ದೀಪ ಈ ಬದಿಗೆ, ಬೆಳಕನ್ನು ಹಿಡಿಯುವ ಕಣ್ಣು ಆ ಬದಿಗೆ. ನಡುವೆ ಚೀಲ ಹಾಯ್ದಾಗ ಬೆಳಕು ಕಡಿಯುತ್ತದೆ, ಲೆಕ್ಕ ಒಂದು ಏರುತ್ತದೆ. ಎರಡನೆಯದರಲ್ಲಿ ದೀಪವೂ ಕಣ್ಣೂ ಒಂದೇ ಪೆಟ್ಟಿಗೆಯಲ್ಲಿದ್ದು, ಎದುರಿಗೊಂದು ಪ್ರತಿಫಲಕವಿರುತ್ತದೆ. ರಾತ್ರಿ ಕಬ್ಬಿನ ಟ್ರಾಕ್ಟರಿನ ಹಿಂದೆ ಹೊಳೆಯುವ ಕೆಂಪು ಬಿಲ್ಲೆಯನ್ನು ನೆನೆಯಿರಿ; ಅದು ಬಂದ ಬೆಳಕನ್ನು ಬಂದತ್ತಲೇ ಮರಳಿಸುವಂತೆ ಇದೂ ಮರಳಿಸುತ್ತದೆ. ಮೂರನೆಯದರಲ್ಲಿ ವಸ್ತುವೇ ಪ್ರತಿಫಲಕ. ಬಿಳಿಯ ಚೀಲಕ್ಕೆ ಇದು ಸುಲಭ. ನಿಪ್ಪಾಣಿಯ ತಂಬಾಕಿನ ಕಂದುಬಣ್ಣಕ್ಕೆ ಕಷ್ಟ, ಏಕೆಂದರೆ ಕಪ್ಪು ಮೈ ಬೆಳಕನ್ನು ನುಂಗುತ್ತದೆ. ಬಿಸಿಲಿಗೆ ಮೋಸಹೋಗದಿರಲೆಂದು ದೀಪವನ್ನು ಸೆಕೆಂಡಿಗೆ ಸಾವಿರಾರು ಸಲ ಮಿಡಿಸುತ್ತಾರೆ. ಕಣ್ಣು ಆ ಮಿಡಿತವನ್ನಷ್ಟೇ ಗುರುತಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಈ ಕಣ್ಣು ಚೀಲವನ್ನು ಕಾಣುವುದೇ ಇಲ್ಲ; ಬೆಳಕು ಕಡಿದುದನ್ನು ಮಾತ್ರ ಅರಿಯುತ್ತದೆ. ಎರಡು ಚೀಲಗಳು ತಾಗಿಕೊಂಡು ಬಂದರೆ ಅದಕ್ಕೆ ಒಂದೇ. ಚೀಲದ ಬಾಯಿಯ ಅಂಚು ಮೇಲೆದ್ದು ಅಲುಗಿದರೆ ಒಂದು ಎರಡಾಗುತ್ತದೆ. ಗಾಜಿಗೆ ಸಕ್ಕರೆಯ ಧೂಳು ಮೆತ್ತಿದರೆ ಲೆಕ್ಕವೇ ನಿಲ್ಲುತ್ತದೆ. ಚೀಲದ ಲೆಕ್ಕದ ಮೇಲೆ ಕೂಲಿ ಪಡೆಯುವ ಹಮಾಲನಿಗೆ ಈ ತಪ್ಪು ಬರಿಯ ತಾಂತ್ರಿಕ ದೋಷವಲ್ಲ, ಅನ್ನದ ಪ್ರಶ್ನೆ. ಆದ್ದರಿಂದಲೇ ಬಲ್ಲವರು ಮುಂದಿನ ಸಾಗಣೆಪಟ್ಟಿಯನ್ನು ತುಸು ವೇಗವಾಗಿ ಓಡಿಸಿ ಚೀಲಗಳ ನಡುವೆ ಅಂತರ ತರುತ್ತಾರೆ, ಗಾಜನ್ನು ಒರೆಸುತ್ತಾರೆ, ಆಗಾಗ ಕೈಯಿಂದ ಎಣಿಸಿ ತಾಳೆ ನೋಡುತ್ತಾರೆ.

ಕಾರ್ಮಿಕನ ಕೈಯನ್ನು ಕಾಯುವುದಕ್ಕೂ ಇದೇ ಬೆಳಕು ಒದಗುತ್ತದೆ. ಅಪಾಯದ ಯಂತ್ರದ ಮುಂದೆ ಕಿರಣಗಳ ಪರದೆಯೊಂದನ್ನು ಇಳಿಬಿಡುತ್ತಾರೆ. ಒಂದು ಕಿರಣ ಕಡಿದರೂ ಯಂತ್ರ ನಿಲ್ಲುತ್ತದೆ. ದೀಪವೇ ಕೆಟ್ಟರೂ ನಿಲ್ಲುತ್ತದೆ. ಸಂಶಯ ಬಂದಾಗ ನಿಲ್ಲುವುದೇ ಇಲ್ಲಿಯ ಧರ್ಮ.

ಕಣ್ಣಾರೆ ಕಂಡವನಿಗೆ ನಾವು ಸಾಕ್ಷಿ ಎನ್ನುತ್ತೇವೆ. ಆ ಪದದೊಳಗೇ ‘ಅಕ್ಷಿ’ ಇದೆ. ಯಂತ್ರದ ಕಣ್ಣು ದಣಿಯದು, ತೂಕಡಿಸದು, ಲಂಚ ಮುಟ್ಟದು. ಆದರೆ ತಾನು ಕಂಡದ್ದೇನೆಂದು ಅದಕ್ಕೆ ತಿಳಿಯದು. ಅದನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸಿ, ಅದರ ಮಾತನ್ನು ಪರೀಕ್ಷಿಸುವ ಹೊಣೆ ಮನುಷ್ಯನದೇ. ಗುಮಾಸ್ತನ ಗೀಟು ಹೋಗಿರಬಹುದು; ಹೊಣೆ ಹೋಗಿಲ್ಲ.