ಗ್ಲೂಕೋಸ್ ಬಾಟಲಿಯೊಳಗೊಂದು ಪುಟ್ಟ ಥರ್ಮಾಮೀಟರ್

ಕುಕ್ಕರಿನಲ್ಲಿ ಅನ್ನಕ್ಕಿಟ್ಟ ಕೂಡಲೇ ಗೃಹಿಣಿಯರು ವೆಯ್ಟ್ ಹಾಕುವುದಿಲ್ಲ. ನಳಿಕೆಯಿಂದ ಹಬೆ ರಭಸವಾಗಿ ಬಂದ ಮೇಲಷ್ಟೇ ಹಾಕುತ್ತಾರೆ. ಒಳಗಿನ ಗಾಳಿ ಹೊರಹೋಗಲಿ ಎಂಬುದು ಇದರ ಉದ್ದೇಶ. ಗಾಳಿ ಉಳಿದರೆ ಒತ್ತಡ ಸಾಕಷ್ಟಿದ್ದರೂ ಶಾಖ ಕಡಿಮೆಯೇ.

ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ಗ್ಲೂಕೋಸ್ ಬಾಟಲಿಗಳನ್ನೂ ಕಾರ್ಖಾನೆಯಲ್ಲಿ ಇಂಥದೇ ದೊಡ್ಡ ಪಾತ್ರೆಯಲ್ಲಿ ಕಾಯಿಸುತ್ತಾರೆ. ಇದಕ್ಕೆ ಆಟೋಕ್ಲೇವ್ ಎಂದು ಹೆಸರು. ಬಾಟಲಿಯೊಳಗಿನ ದ್ರವ ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷವಾದರೂ ಇರಬೇಕು. ಆಗಲೇ ಹಟಮಾರಿ ಕ್ರಿಮಿಗಳೂ ಸಾಯುತ್ತವೆ.

1971ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಹೀಗಾಗಲಿಲ್ಲ. ಹಬೆಗಿಂತ ಭಾರವಾದ ಗಾಳಿ ಆಟೋಕ್ಲೇವಿನ ತಳದಲ್ಲೇ ನಿಂತುಬಿಟ್ಟಿತ್ತು. ಮೇಲಿನ ಬಾಟಲಿಗಳು ಶುದ್ಧವಾದವು, ಕೆಳಗಿನವು ಆಗಲಿಲ್ಲ. ತಳದ ಥರ್ಮಾಮೀಟರು ಏರಲೇ ಇಲ್ಲ. ಉಳಿದ ಮಾಪಕಗಳು ಸರಿಯಾಗಿದ್ದುದರಿಂದ ಇದೇ ಕೆಟ್ಟಿರಬೇಕೆಂದು ಕೆಲಸಗಾರರು ಭಾವಿಸಿದರು! ಪರೀಕ್ಷೆಗೆ ತೆಗೆದ ಬಾಟಲಿಗಳಲ್ಲೂ ದೋಷ ಕಾಣಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಪ್ಲಿಮತ್‌ನ ಡೆವನ್‌ಪೋರ್ಟ್ ಆಸ್ಪತ್ರೆಯ ರೋಗಿಗಳಿಗೆ ಆ ದ್ರಾವಣ ಕೊಡಲಾಯಿತು. ಐವರ ಸಾವಿಗೂ ಅದಕ್ಕೂ ನಂಟಿತ್ತೆಂದು ವರದಿಯಾಯಿತು.

ಈಗ ಈ ಪತ್ತೆಗೆ ಡೇಟಾ ಲಾಗರ್ ಎಂಬ ಪುಟ್ಟ ಸಾಧನಗಳಿವೆ. ಕೆಲವು ಹೆಬ್ಬೆರಳಿನ ಗಾತ್ರಕ್ಕಿಂತ ಹೆಚ್ಚಿಲ್ಲ. ತಂತಿಯ ಗೊಡವೆಯಿಲ್ಲ; ಒಳಗೆ ಬ್ಯಾಟರಿ, ಸೆನ್ಸರ್ ಮತ್ತು ನೆನಪಿಟ್ಟುಕೊಳ್ಳುವ ಚಿಪ್. ಮೇಲೆ, ಮಧ್ಯೆ, ತಳದಲ್ಲಿ, ಮೂಲೆಗಳಲ್ಲಿ ಆಯ್ದ ಬಾಟಲಿಗಳ ದ್ರವದೊಳಗೇ ಇವುಗಳನ್ನು ಇಳಿಬಿಟ್ಟು ಯಂತ್ರ ನಡೆಸುತ್ತಾರೆ. ಎಲ್ಲಕ್ಕಿಂತ ತಡವಾಗಿ ಬಿಸಿಯಾಗುವ ಜಾಗ ಇದರಿಂದ ತಿಳಿಯುತ್ತದೆ, ಆ ಜಾಗಕ್ಕೆ ತಕ್ಕಂತೆ ಸಮಯ ಗೊತ್ತುಮಾಡುತ್ತಾರೆ. ಯಂತ್ರ ಹೊಸದಾಗಿ ಬಂದಾಗ ಮತ್ತು ಆಮೇಲೆ ನಿಗದಿತ ಅವಧಿಗೊಮ್ಮೆ ಈ ಪರೀಕ್ಷೆ ನಡೆಯುತ್ತದೆ. ದಿನನಿತ್ಯದ ಪ್ರತಿ ಬ್ಯಾಚಿಗೆ ಯಂತ್ರದಲ್ಲೇ ಕೂಡಿಸಿದ ಸೆನ್ಸರ್‌ಗಳ ದಾಖಲೆಯೇ ಆಧಾರ. ಒಂದು ಸೆನ್ಸರ್ ಬೇರೆ ಮಾತು ಹೇಳಿದರೂ ಕಾರಣ ತಿಳಿಯುವ ತನಕ ಆ ಬ್ಯಾಚು ಹೊರಬೀಳಬಾರದು. ಸಾಧನ ಎಷ್ಟೇ ಸೂಕ್ಷ್ಮವಾಗಿರಲಿ, ಅದನ್ನು ನಂಬುವವರಿಲ್ಲದಿದ್ದರೆ ಡೆವನ್‌ಪೋರ್ಟಿನ ಕಥೆಯೇ ಆದೀತು.

ನಮ್ಮಲ್ಲೂ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಎದ್ದು, ಸರ್ಕಾರ ಒಂದು ಕಂಪನಿಯ ದ್ರಾವಣದ ಬಳಕೆಯನ್ನು ತಡೆಹಿಡಿದಿತ್ತು.

ನಿಮ್ಮವರಿಗೆ ಡ್ರಿಪ್ ಹಾಕುವ ಮುನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸುವಂತೆ ದಾದಿಯರನ್ನು ಸಂಕೋಚವಿಲ್ಲದೆ ಕೇಳಿ. ದ್ರವ ಕದಡಿದ್ದರೆ, ಕಣಗಳು ತೇಲುತ್ತಿದ್ದರೆ, ಬಾಟಲಿ ಸೋರುತ್ತಿದ್ದರೆ, ಅವಧಿ ಮೀರಿದ್ದರೆ ಬೇಡವೆನ್ನಿ. ಕ್ರಿಮಿಯಿರುವ ದ್ರವ ತಿಳಿಯಾಗಿಯೂ ಕಾಣಬಹುದು. ಆದ್ದರಿಂದ ಡ್ರಿಪ್ ಹಾಕಿದ ಮೇಲೆ ನಡುಕ, ಚಳಿಜ್ವರ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಿ, ಆ ಬಾಟಲಿಯನ್ನು ಎಸೆಯದಂತೆ ಹೇಳಿ.