ಬಳಸಿದ ಕಾರು, ಹೇಳದ ದೋಷ: ಮಾರುವವರ ಮೌನವನ್ನು ಕಾನೂನು ಹೇಗೆ ನೋಡುತ್ತದೆ?

ಮಾಯಸಂದ್ರ ಹೋಬಳಿಯಲ್ಲಾಗಲಿ, ತಿಪಟೂರು, ಚಿಕ್ಕನಾಯಕನಹಳ್ಳಿಯ ಕಡೆಯಲ್ಲಾಗಲಿ, ಉಂಡೆ ಕೊಬ್ಬರಿಯನ್ನು ಹೊರಗಿನ ಹೊಳಪು ನೋಡಿ ಕೊಳ್ಳುವ ವರ್ತಕರು ವಿರಳ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅಲುಗಾಡಿಸಿ ಸದ್ದು ಕೇಳುತ್ತಾರೆ, ನಾಲ್ಕು ಉಂಡೆ ಒಡೆದು ಒಳಗಿನ ಬಣ್ಣ, ವಾಸನೆ, ತೇವ ನೋಡುತ್ತಾರೆ. ಅದೇ ಕೊಬ್ಬರಿಯ ಹಣದಲ್ಲಿ ಮೂರು ನಾಲ್ಕು ಲಕ್ಷ ರೂಪಾಯಿಯ ಹಳೆಯ ಕಾರು ಕೊಳ್ಳುವಾಗ ಮಾತ್ರ, ಅಂತರಜಾಲದಲ್ಲಿ ಕಂಡ ಹತ್ತು ಛಾಯಾಚಿತ್ರಗಳೂ ‘ಒಬ್ಬರೇ ಮಾಲೀಕರು, ಅಪಘಾತವಾಗಿಲ್ಲ’ ಎಂಬ ಒಂದು ಸಾಲೂ ಸಾಕೆನಿಸಿಬಿಡುತ್ತವೆ. ಮೊದಲ ಮಳೆಗಾಲದಲ್ಲಿ ದೋಷ ಹೊರಬಿದ್ದಾಗ ಜಗಳ ಆರಂಭವಾಗುತ್ತದೆ.

ಈ ಜಗಳದಲ್ಲಿ ಕೊಂಡವರು ಸಾಮಾನ್ಯವಾಗಿ ಹೇಳುವ ಮಾತು, ‘ಅವರು ಮೊದಲೇ ಹೇಳಬೇಕಾಗಿತ್ತು’ ಎಂಬುದು. ಕಾನೂನು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮಿನ ಪ್ರಕಾರ ಬರಿಯ ಮೌನ ವಂಚನೆಯಲ್ಲ. ಅಲ್ಲಿ ಕೊಟ್ಟಿರುವ ಉದಾಹರಣೆ ಕುದುರೆಯದು. ದೋಷವಿದೆಯೆಂದು ತಿಳಿದೂ ಏನೂ ಹೇಳದೆ ಹರಾಜಿನಲ್ಲಿ ಕುದುರೆ ಮಾರಿದರೆ ವಂಚನೆಯಾಗದು. ಆದರೆ ‘ನೀವು ಅಲ್ಲಗಳೆಯದಿದ್ದರೆ ಕುದುರೆ ಸರಿಯಿದೆ ಎಂದು ತಿಳಿಯುತ್ತೇನೆ’ ಎಂದು ಕೊಳ್ಳುವವರು ಹೇಳಿದ ಮೇಲೂ ಮಾರುವವರು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ದೋಷವನ್ನು ಬೇಕೆಂದೇ ಮುಚ್ಚಿಡುವುದಂತೂ ವಂಚನೆಯೇ. ಕಿಲೋಮೀಟರ್ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು, ತುಕ್ಕಿನ ಮೇಲೆ ಬಣ್ಣ ಬಳಿಯುವುದು ಈ ಸಾಲಿಗೆ ಸೇರುತ್ತವೆ.

ಹೀಗಾಗಿ ಪ್ರಶ್ನೆ ಕೇಳುವುದೇ ಕೊಳ್ಳುವವರ ರಕ್ಷಣೆ. ಕೇಳುವುದು ಬರವಣಿಗೆಯಲ್ಲಿರಬೇಕು. ವಾಟ್ಸ್‌ಆಪ್ ಸಂದೇಶವಾದರೂ ಆದೀತು. ಅಪಘಾತವಾಗಿದೆಯೇ, ನೀರಿನಲ್ಲಿ ಮುಳುಗಿತ್ತೇ, ವಿಮಾ ಪರಿಹಾರ ಪಡೆದಿದ್ದೀರಾ, ಸಾಲ ಬಾಕಿ ಇದೆಯೇ ಎಂದು ನೇರವಾಗಿ ಕೇಳಿ, ಉತ್ತರವನ್ನೂ ಮೂಲ ಜಾಹೀರಾತಿನ ಚಿತ್ರವನ್ನೂ ಅಂದೇ ಉಳಿಸಿಕೊಳ್ಳಬೇಕು. ಮಾರಾಟವಾದೊಡನೆ ಜಾಹೀರಾತು ಕಾಣೆಯಾಗುವುದುಂಟು. ನೀರಿನ ಪ್ರಶ್ನೆ ಅತಿಯೆನಿಸಬಹುದು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸುತ್ತಮುತ್ತ ಮುಳುಗಿದ ಕಾರುಗಳನ್ನು ನೆನೆದರೆ ಹಾಗೆನಿಸದು. ಅಂಥ ವಾಹನದ ಎಂಜಿನ್ ಓಡಬಹುದು. ವೈರಿಂಗ್ ಮತ್ತು ಸೆನ್ಸರುಗಳ ತೊಂದರೆ ತಿಂಗಳುಗಳ ನಂತರ ತಲೆದೋರುತ್ತದೆ.

ಇನ್ನೊಂದು ಉಪಾಯವಿದೆ. ಹಳೆಯ ವಿಮಾ ಪಾಲಿಸಿಯಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬ ರಿಯಾಯಿತಿ ನಮೂದಾಗಿರುತ್ತದೆ. ಪರಿಹಾರ ಪಡೆಯದ ಮಾಲೀಕರಿಗೆ ಅದು ವರ್ಷದಿಂದ ವರ್ಷಕ್ಕೆ ಶೇ. 20ರಿಂದ ಶೇ. 50ರವರೆಗೆ ಏರುತ್ತದೆ. ಐದಾರು ವರ್ಷ ಒಬ್ಬರಲ್ಲೇ ಇದ್ದ ಕಾರಿನ ಪಾಲಿಸಿಯಲ್ಲಿ ಅದು ಸೊನ್ನೆಯಾಗಿದ್ದರೆ, ‘ಅಪಘಾತವಾಗಿಲ್ಲ’ ಎಂಬ ಸಾಲಿಗೆ ವಿವರಣೆ ಕೇಳಲೇಬೇಕು.

ದೋಷ ಕಂಡ ಮೇಲೆ ಎಲ್ಲಿಗೆ ಹೋಗಬೇಕೆಂಬುದು, ಮಾರಿದವರು ಯಾರು ಎಂಬುದನ್ನು ಅವಲಂಬಿಸಿದೆ. ತಮ್ಮ ಸ್ವಂತ ಕಾರನ್ನು ಒಮ್ಮೆ ಮಾರಿದ ಖಾಸಗಿ ವ್ಯಕ್ತಿ ವ್ಯಾಪಾರಿಯಲ್ಲ. ಅವರ ಮೇಲೆ ಶುಲ್ಕ ಕಟ್ಟಿ ಸಿವಿಲ್ ದಾವೆ ಹೂಡಬೇಕಾಗುತ್ತದೆ. ವರ್ತಕರಿಂದ ಅಥವಾ ಜಾಲತಾಣದ ಕಂಪನಿಯಿಂದ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ನೆರವಿಗೆ ಬರುತ್ತದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿರದ ಸರಕನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ವರ್ತಕರೇ ಮಾಲೀಕರಂತೆ ಜಾಹೀರಾತು ಕೊಡುವುದೂ ಉಂಟಾದ್ದರಿಂದ, ನೋಂದಣಿ ಪತ್ರದ ಹೆಸರನ್ನೂ ಹಣ ಪಡೆಯುವವರ ಹೆಸರನ್ನೂ ಹೋಲಿಸಿ ನೋಡಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಬಳಸಿದ ವಾಹನಗಳ ವರ್ತಕರಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರವಿರಬೇಕು.

ಗ್ರಾಹಕರಿಗೆ ದೊಡ್ಡ ಅನುಕೂಲವೆಂದರೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ಬೆಂಗಳೂರಿನದಾದರೂ ಮಾಯಸಂದ್ರದವರು ತುಮಕೂರಿನ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಕಾಲಾವಧಿ ಎರಡು ವರ್ಷ. ಆದರೆ ದೂರಿಗೆ ಮೊದಲು ಆತುರದಿಂದ ರಿಪೇರಿ ಮಾಡಿಸಬಾರದು. ಬಿಚ್ಚಿ ಬದಲಾಯಿಸಿದ ಭಾಗ ಸಾಕ್ಷ್ಯವಾಗಿ ಉಳಿಯುವುದಿಲ್ಲ. ಅಧಿಕೃತ ಸೇವಾ ಕೇಂದ್ರದಲ್ಲಿ ಲಿಖಿತ ತಪಾಸಣಾ ವರದಿ ಪಡೆದು, ನೋಟಿಸು ಕಳುಹಿಸಿ, ಆನಂತರ ಕೈಹಾಕುವುದು ಲೇಸು.

ವರ್ತಕ ಸದಸ್ಯರಿಗೆ ಒಂದು ಎಚ್ಚರಿಕೆ ಅಗತ್ಯ. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಾಹನಕ್ಕೆ ಈ ಅಧಿನಿಯಮದ ರಕ್ಷಣೆಯಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಬಳಸುವವರಿಗೆ ಮಾತ್ರ ವಿನಾಯಿತಿಯುಂಟು. ಮಂಡಿಯ ಹೆಸರಿನಲ್ಲಿ ಕೊಂಡ ಸರಕು ವಾಹನದ ವಿಷಯದಲ್ಲಿ ಈ ಆಕ್ಷೇಪಣೆ ಏಳುವ ಸಂಭವ ಹೆಚ್ಚು.

ನಮ್ಮವರು ಮಾರುವ ಪಕ್ಷದಲ್ಲೂ ಇರುತ್ತಾರೆ. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಕೊಳ್ಳುವವರು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾರೆ, ಆಗ ಒಳ್ಳೆಯ ಕಾರುಗಳು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತವೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ವಿವರಿಸಿದ್ದರು. 2001ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಪ್ರಾಮಾಣಿಕ ಮಾರಾಟಗಾರರ ನಷ್ಟ ಇಲ್ಲಿದೆ. ‘ಇದ್ದಂತೆಯೇ ಮಾರಲಾಗಿದೆ’ ಎಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಬಹುದಾದರೂ, ಮುಚ್ಚಿಟ್ಟ ದೋಷಕ್ಕೆ ಅದು ಗುರಾಣಿಯಾಗದು. ತಿಳಿದಿರುವ ದೋಷಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಕೊಳ್ಳುವವರ ಸಹಿ ಪಡೆದು, ಒಂದು ಪ್ರತಿಯನ್ನು ಅವರಿಗೇ ಕೊಟ್ಟರೆ ಮುಂದೆ ಆ ದೋಷಗಳ ಬಗ್ಗೆ ‘ಹೇಳಲಿಲ್ಲ’ ಎಂಬ ದೂರಿಗೆ ಆಧಾರವಿರುವುದಿಲ್ಲ.