ಮಣಲಿಯ ಕೊಳವೆಯಲ್ಲಿ ಕೃಷ್ಣೆ

ಚೆನ್ನೈನ ಮಣಲಿ ಬಂತೆಂದು ಮೊದಲು ಹೇಳುವುದು ಮೂಗು. ಗಂಧಕದ ಘಾಟು, ಕಾದ ಡಾಂಬರು, ಟ್ಯಾಂಕರ್ ಲಾರಿಗಳ ಹೊಗೆ. ತೈಲ ಶುದ್ಧೀಕರಣಾಗಾರದ ಕೊಳವೆಯ ತುದಿಯಲ್ಲಿ ನಡುಹಗಲಲ್ಲೂ ಉರಿಯುವ ಜ್ವಾಲೆ. 1965ರಲ್ಲಿ ಭಾರತ ಸರ್ಕಾರ, ಇರಾನ್‌ನ ತೈಲ ಕಂಪನಿ ಮತ್ತು ಅಮೆರಿಕದ ಅಮೋಕೊ ಕೂಡಿ ಕಟ್ಟಿದ ಸಂಸ್ಥೆ ಅದು. ಈಗ ಆ ಮೂವರನ್ನು ಒಂದೇ ಜಮಖಾನದ ಮೇಲೆ ಕೂರಿಸುವುದು ಕಷ್ಟ! ರಸ್ತೆಯಂಚಿನಲ್ಲಿ ಹಳದಿ, ನೀಲಿ, ಗುಲಾಬಿ ಪ್ಲಾಸ್ಟಿಕ್ ಕೊಡಗಳ ಸಾಲು. ಒಂದರ ಕುತ್ತಿಗೆಗೆ ಗುರುತಿಗೆಂದು ಕಟ್ಟಿದ ಕೆಂಪು ದಾರ. ನೀರಿನ ಲಾರಿಯ ಹಾರ್ನ್ ಕೇಳಿದ್ದೇ ತಡ, ಸಾಲು ಚದುರಿ ಗುಂಪಾಗುತ್ತದೆ.

ಕಾಂಪೌಂಡಿನೊಳಗಿನ ದಾಹವೇ ಬೇರೆ. ಬಾಯ್ಲರ್‌ಗೆ, ಕೂಲಿಂಗ್ ಟವರ್‌ಗೆ ಹಗಲೂ ರಾತ್ರಿ ನೀರು ಬೇಕು. ಅದರಲ್ಲಿ ಒಂದಷ್ಟು ಬರುವುದು ಊರಿನ ಕಸದ ಗುಡ್ಡವಿರುವ ಕೊಡುಂಗೈಯೂರಿನಿಂದ. ಅಲ್ಲಿ ಚರಂಡಿ ನೀರನ್ನು ಶುದ್ಧಮಾಡಿ, ಆರ್‌ಒ ಪೊರೆಗಳಲ್ಲಿ ಹಾಯಿಸಿ, ಮಣಲಿ–ಮಿಂಜೂರಿನ ಕಾರ್ಖಾನೆಗಳಿಗೆ ಕೊಳವೆಯಲ್ಲಿ ಕಳಿಸುತ್ತಾರೆ. ದಿನಕ್ಕೆ 4.5 ಕೋಟಿ ಲೀಟರ್ ಸಾಮರ್ಥ್ಯದ ಈ ಘಟಕ ಶುರುವಾದದ್ದು 2019ರಲ್ಲಿ, ಚೆನ್ನೈನ ಕೆರೆಗಳೆಲ್ಲ ಬಿರುಕು ಬಿಟ್ಟ ವರ್ಷ.

ಆ ಚರಂಡಿಯಲ್ಲಿ ನಮ್ಮದೂ ಒಂದು ಪಾಲಿದೆ ಎಂದರೆ ನಗಬೇಡಿ. ಮದ್ರಾಸಿನ ಕುಡಿಯುವ ನೀರಿಗೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ತಮ್ಮ ಕೃಷ್ಣೆಯ ಪಾಲಿನಿಂದ ತಲಾ 5 ಟಿಎಂಸಿ ಬಿಡಲು 1976ರಲ್ಲಿ ಒಪ್ಪಿದ್ದವು. ಆವಿಯಾಗಿ ಹೋದದ್ದು ಕಳೆದು 12 ಟಿಎಂಸಿ ತಮಿಳುನಾಡಿನ ಗಡಿ ಮುಟ್ಟಬೇಕು. ಶ್ರೀಶೈಲ, ಸೋಮಶಿಲ, ಕಂಡಲೇರು ದಾಟಿ ಪೂಂಡಿ ಜಲಾಶಯಕ್ಕೆ ನೀರು ಬಂದದ್ದು 1996ರಲ್ಲಿ. ಮಾತಿನಷ್ಟು ನೀರು ಬಂದ ವರ್ಷ ಅಪರೂಪ, ಆ ಮಾತು ಬೇರೆ. ಆದರೂ ಆಲಮಟ್ಟಿಯಲ್ಲಿ ಕಂಡ ಹೊಳೆ ಚೆನ್ನೈನ ಅಡುಗೆಮನೆ ಹೊಕ್ಕು, ಬಚ್ಚಲಿನಲ್ಲಿ ಇಳಿದು, ಕೊಡುಂಗೈಯೂರಿನಲ್ಲಿ ಮೈತೊಳೆದುಕೊಂಡು ಮಣಲಿಯ ಬಾಯ್ಲರ್‌ನಲ್ಲಿ ಹಬೆಯಾಗುತ್ತದೆ. ಕಾವೇರಿಯ ಜಗಳ ನಮಗೆ ಬಾಯಿಪಾಠ. ಕೃಷ್ಣೆಯ ಈ ಕೊಡುಗೆ ನೆನಪಿರುವವರು ಎಷ್ಟು ಮಂದಿ?

ಕಾರ್ಖಾನೆಗೆ ನೀರು ಬರುವ ದಾರಿ ಸರಿಹೋಯಿತು, ಹೊರಹೋಗುವ ದಾರಿ ಇನ್ನೂ ಆಗಿಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಮಣಲಿಯ ಕಡೆಯಿಂದ ಹರಿದ ಎಣ್ಣೆ ಎಣ್ಣೂರು ಅಳಿವೆಯ ದೋಣಿ, ಬಲೆ, ಕಾಂಡ್ಲಾ ಗಿಡಗಳಿಗೆಲ್ಲ ಮೆತ್ತಿತು. ಅದನ್ನು ಮಗ್ಗು, ಬಕೆಟ್ಟುಗಳಲ್ಲಿ ಮೊಗೆದು ತೆಗೆದವರಲ್ಲಿ ಅಲ್ಲಿನ ಮೀನುಗಾರರೂ ಇದ್ದರು.